ತವರಿಗೆ ಬಂದ ಹಕ್ಕಿಗಳ ಚಿತ್ರ

ನಾನು ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ ಒಂಬತ್ತನೆಯ ತರಗತಿಯ ಗೋಡೆಯ ಮೇಲೆ ಒಂದು ಹಳೆಯ ಕ್ಯಾಲೆಂಡರು ತೂಗುತ್ತಿತ್ತು. ಅದರ ತಿಂಗಳುಗಳೆಲ್ಲ ಮುಗಿದು ಎರಡು ಮೂರು ವರ್ಷಗಳೇ ಕಳೆದಿದ್ದವು. ಆದರೂ ಮಕ್ಕಳು ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ಅದರಲ್ಲಿದ್ದ ಚಿತ್ರವೇ ಇದಕ್ಕೆ ಕಾರಣ. ಕಣ್ಣು ಹರಿಯುವಷ್ಟು ದೂರ ಹಬ್ಬಿದ ಹುಲ್ಲುಗಾವಲು, ಅದರ ಅಂಚಿನಲ್ಲಿ ನೀಲಿಬೆಟ್ಟಗಳ ಸಾಲು, ನಡುವೆ ಧೂಳೆಬ್ಬಿಸುತ್ತ ಓಡುತ್ತಿರುವ ಕಾಡುಕುದುರೆಗಳ ಒಂದು ಹಿಂಡು. ಕುದುರೆಗಳ ಕೇಸರಗಳು ಗಾಳಿಗೆ ಹಾರುತ್ತಿದ್ದವು. ಪಾಠದ ನಡುವೆ ಬೇಸರವಾದಾಗ ಮಕ್ಕಳ ಕಣ್ಣು ಆ ಬಯಲಿಗೆ ಹೋಗಿ ಬರುತ್ತಿದ್ದುದನ್ನು ನಾನು ಅನೇಕ ಸಲ ಗಮನಿಸಿದ್ದೆ.

ಒಂದು ದಿನ ಮುಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು ಕೇಳಿದ: "ಸಾರ್, ಈ ಕುದುರೆಗಳಿಗೆ ಲಗಾಮಿಲ್ಲ, ಲಾಳವಿಲ್ಲ, ಯಜಮಾನನೂ ಇಲ್ಲ. ಇಂಥ ಚಿತ್ರ ತೆಗೆಯಬೇಕಾದರೆ ಯಾವ ದೇಶಕ್ಕೆ ಹೋಗಬೇಕು?"

ನಾನು ಉತ್ತರ ಹೇಳುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, "ಸಾರ್, ಆ ಬಯಲು ಇಲ್ಲದೆ ಹೋದರೆ ಅವೂ ನಮ್ಮ ಜಟಕಾ ಕುದುರೆಗಳ ಹಾಗೆಯೇ ಕಾಣುತ್ತವೆ, ಅಲ್ಲವೇ?" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅವಳ ಮಾತಿನಲ್ಲಿ ವನ್ಯಜೀವಿ ಛಾಯಾಗ್ರಹಣದ ತಿರುಳೇ ಅಡಗಿತ್ತು. ಅದು ನನಗೆ ಕೂಡಲೇ ಹೊಳೆಯಿತೆಂದು ಹೇಳಲಾರೆ. ಅದನ್ನು ಅರಿಯುವುದಕ್ಕೆ ಒಂದು ಹಕ್ಕಿಮರಿಯ ಪ್ರಾಣ ಹೋಗಬೇಕಾಯಿತು. ಆ ಕಥೆಯನ್ನು ಹೇಳುವುದಕ್ಕಾಗಿಯೇ ಈ ಪಾಠವನ್ನು ಬರೆಯುತ್ತಿದ್ದೇನೆ.

ಮೊದಲು ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳಿಬಿಡೋಣ. ಕಾಡುಕುದುರೆಯ ತಳಿಯೊಂದು ಮಂಗೋಲಿಯದ ಬಯಲುಗಳಲ್ಲಿದೆ. 1960ರ ದಶಕದಲ್ಲಿ ಅದು ಅಲ್ಲಿಂದಲೂ ಕಣ್ಮರೆಯಾಗಿತ್ತು. ಮೃಗಾಲಯಗಳಲ್ಲಿ ಉಳಿದಿದ್ದ ಕೆಲವು ಕುದುರೆಗಳ ಸಂತತಿಯನ್ನು 1992ರಿಂದ ಮತ್ತೆ ಹುಟ್ಟುನೆಲಕ್ಕೆ ಬಿಡಲಾಯಿತು. ನಮ್ಮ ದೇಶದಲ್ಲಿ ಅದರ ಹತ್ತಿರದ ಬಂಧುವಾದ ಕಾಡುಕತ್ತೆ ಗುಜರಾತಿನ ಕಛ್‌ನ ಚಿಕ್ಕ ರಣದಲ್ಲಿ ವಾಸಿಸುತ್ತದೆ. ಅಸ್ಸಾಮಿನ ದಿಬ್ರು-ಸೈಖೋವಾದಲ್ಲಿ ಮನುಷ್ಯನ ಹಂಗು ತೊರೆದು ಕಾಡುಪಾಲಾದ ಕುದುರೆಗಳ ಹಿಂಡುಗಳಿವೆ. ಮಂಡ್ಯದ ಮಕ್ಕಳಿಗೆ ಇವೆಲ್ಲ ದೂರದ ಮಾತು.

ಕುದುರೆಗೂ ಕ್ಯಾಮೆರಾಕ್ಕೂ ಹಳೆಯ ನಂಟು. ಓಡುವ ಕುದುರೆಯ ನಾಲ್ಕು ಕಾಲುಗಳೂ ಏಕಕಾಲಕ್ಕೆ ನೆಲ ಬಿಡುತ್ತವೆಯೇ ಎಂಬುದು ಒಂದು ಕಾಲದಲ್ಲಿ ದೊಡ್ಡ ಚರ್ಚೆಯಾಗಿತ್ತು. ಬರಿಗಣ್ಣಿಗೆ ಅದು ನಿಲುಕುವಂತಿರಲಿಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಟದ ದಾರಿಯ ಪಕ್ಕದಲ್ಲಿ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಕುದುರೆ ಹಾದುಹೋದಂತೆ ಒಂದೊಂದೂ ತಾನಾಗಿ ಚಿತ್ರ ತೆಗೆಯುವಂತೆ ತಂತಿ ಕಟ್ಟಿದ. ನಾಲ್ಕು ಗೊರಸುಗಳೂ ನೆಲ ಬಿಟ್ಟಿದ್ದುದು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿತು. ಆದರೆ ಅದು ಸಾಕಿದ ಕುದುರೆ, ಹೇಳಿದ ದಾರಿಯಲ್ಲಿ ಓಡಿತು. ತನ್ನ ಪಾಡಿಗೆ ತಾನಿರುವ ಪ್ರಾಣಿ ಯಾರ ಮಾತನ್ನೂ ಕೇಳುವುದಿಲ್ಲ. ಅಲ್ಲಿ ಕ್ಯಾಮೆರಾ ಹಿಡಿದವನೇ ಅದರ ದಾರಿಗೆ ಹೊಂದಿಕೊಳ್ಳಬೇಕು.

ಹಾಗೆ ಹೊಂದಿಕೊಳ್ಳುವ ವಿದ್ಯೆಯನ್ನು ಕಲಿಯಲು ಮಂಡ್ಯ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮದ್ದೂರಿಗೆ ಮೊದಲು ರುದ್ರಾಕ್ಷಿಪುರ ಸಿಗುತ್ತದೆ. ಅಲ್ಲಿಂದ ಒಳಕ್ಕೆ ತಿರುಗಿ ಸುಮಾರು 12 ಕಿಲೋಮೀಟರ್ ಹೋದರೆ ಕೊಕ್ಕರೆ ಬೆಳ್ಳೂರು. ಶಿಂಷಾ ನದಿಯಿಂದ ಹೆಚ್ಚು ದೂರವಿಲ್ಲದ, ಕಬ್ಬು, ಭತ್ತ, ರಾಗಿ ಬೆಳೆಯುವ ರೈತರ ಸಾಧಾರಣ ಹಳ್ಳಿ ಅದು. ಅದಕ್ಕೆ ಬೇಲಿಯಿಲ್ಲ, ಹೆಬ್ಬಾಗಿಲೂ ಇಲ್ಲ. ಊರ ನಡುವಿನ ಹುಣಸೆ, ಅರಳಿ, ಆಲದ ಮರಗಳೇ ಅಲ್ಲಿಯ ಅಭಯಾರಣ್ಯ.

ಚಳಿಗಾಲದ ಮೊದಲಲ್ಲಿ ಹೆಜ್ಜಾರ್ಲೆಗಳು ಆ ಮರಗಳಿಗೆ ಬಂದಿಳಿಯುತ್ತವೆ. ಅವುಗಳ ಹಿಂದೆಯೇ ಬಣ್ಣದ ಕೊಕ್ಕರೆಗಳು ಬರುತ್ತವೆ. ಹೆಜ್ಜಾರ್ಲೆ ಭಾರಿ ಹಕ್ಕಿ. ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿ ಅಗಲ. ಬೂದು ಬೆರೆತ ಬಿಳಿ ಮೈ, ಮೇಲ್ಕೊಕ್ಕಿನ ಅಂಚಿನುದ್ದಕ್ಕೂ ಸಣ್ಣ ಚುಕ್ಕೆಗಳು, ಕೆಳಗೆ ಮೀನು ಹಿಡಿಯಲು ಜೋಳಿಗೆಯಂಥ ಚೀಲ. ಬಣ್ಣದ ಕೊಕ್ಕರೆಗೆ ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳುಮುಖ, ಎದೆಗೆ ಅಡ್ಡಲಾಗಿ ಕಪ್ಪುಪಟ್ಟಿ. ಬಾಲದ ಬಳಿಯ ಗರಿಗಳಲ್ಲಿ ತಾವರೆಯ ನಸುಗೆಂಪು. ಇವೆರಡೂ ತಮ್ಮ ಗೂಡುಗಳನ್ನು ಮನೆಗಳ ಸೂರಿಗೆ ತಾಗುವಂತಿರುವ ಮರಗಳ ನೆತ್ತಿಯಲ್ಲಿ ಕಟ್ಟುತ್ತವೆ. ಮದ್ದೂರಿನ ಕೆರೆ, ತೈಲೂರು ಕೆರೆ ಮೊದಲಾದ ಸುತ್ತಿನ ಕೆರೆಗಳಿಗೂ ನದಿಗೂ ಹೋಗಿ ಮೀನು ತರುತ್ತವೆ. ಮುಂಗಾರಿನ ಹೊತ್ತಿಗೆ ರೆಕ್ಕೆ ಬಲಿತ ಮರಿಗಳೊಡನೆ ಊರು ಬಿಡುತ್ತವೆ.

ಹಿಂದೆ ಈ ಊರು ಶಿಂಷಾ ನದಿಯ ದಡದಲ್ಲಿತ್ತೆಂದೂ 1916ರ ಪ್ಲೇಗಿನಲ್ಲಿ ಜನ ಅದನ್ನು ತೊರೆದು ಈಗಿನ ಜಾಗಕ್ಕೆ ಬಂದರೆಂದೂ ಅವರ ಬೆನ್ನಿಗೇ ಹಕ್ಕಿಗಳೂ ಬಂದವೆಂದೂ ಊರಿನ ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇಲ್ಲಿಯ ಹೆಜ್ಜಾರ್ಲೆಗಳನ್ನು ಕಂಡು, ಅವುಗಳ ವಿಚಾರವಾಗಿ ಬರೆದ ಮೇಲೆ ಹೊರಗಿನ ವಿದ್ವಾಂಸರಿಗೆ ಈ ಊರಿನ ಹೆಸರು ತಿಳಿಯಿತು. ಊರಿನವರಿಗೆ ಮಾತ್ರ ಅದು ಹೊಸ ಸಂಗತಿಯಾಗಿರಲಿಲ್ಲ. ಅವರು ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಎಣಿಸುತ್ತಿದ್ದರು. ಹುಣಸೆಯ ಹಣ್ಣನ್ನು ಬಡಿಯುವ ಕಾಲ ಮತ್ತು ಹಕ್ಕಿಗಳು ಮರಿ ಮಾಡುವ ಕಾಲ ಒಂದೇ. ಗೂಡಿರುವ ಮರಕ್ಕೆ ಕೋಲು ಹಾಕಿದರೆ ಮರಿಗಳು ಉಳಿಯುವುದಿಲ್ಲ. ಹಾಗಾಗಿ ಹಕ್ಕಿಗಳ ಸಲುವಾಗಿ ಫಸಲನ್ನು ಬಿಟ್ಟುಕೊಟ್ಟ ಕುಟುಂಬಗಳು ಅಲ್ಲಿದ್ದವು. ಮರದ ಒಡೆಯರಿಗೆ ಪರಿಹಾರಧನ ಕೊಡುವ ಏರ್ಪಾಟನ್ನು ಅರಣ್ಯ ಇಲಾಖೆ ಮುಂದೆ ಮಾಡಿತು. ಹಕ್ಕಿಗಳಿಂದ ಊರಿಗೆ ಲಾಭವೂ ಉಂಟು. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತುಂಬಿ, ಮೇಲಿನಿಂದ ಬೀಳುವ ಹಿಕ್ಕೆಯನ್ನು ಅದರಲ್ಲಿ ಕೂಡಿಸಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ.

ಈ ಊರಿಗೆ ನಾನು ಮೊದಲ ಸಲ ಹೋದದ್ದು 1986ರ ಮಾರ್ಚ್ ತಿಂಗಳಿನಲ್ಲಿ. ಮಂಡ್ಯದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯನಿಂದ ಒಂದು ಕ್ಯಾಮೆರಾವನ್ನೂ ದೂರದ್ದನ್ನು ಹತ್ತಿರ ತೋರುವ ಒಂದು ಉದ್ದನೆಯ ಲೆನ್ಸನ್ನೂ ಎರವಲು ತಂದಿದ್ದೆ. ಕಪ್ಪು-ಬಿಳುಪು ಫಿಲ್ಮಿನ ಒಂದು ಸುರುಳಿ. ಅದರಲ್ಲಿ ಮೂವತ್ತಾರು ಚಿತ್ರಗಳು. ನನ್ನ ಸಂಬಳಕ್ಕೆ ಆ ಒಂದು ಸುರುಳಿಯೇ ಭಾರವಾಗಿತ್ತು. ಆದ್ದರಿಂದ ಒಂದು ಚಿತ್ರವೂ ಕೆಡಬಾರದು, ಹಕ್ಕಿ ಚೌಕಟ್ಟು ತುಂಬ ಕಾಣಬೇಕು, ಒಂದೊಂದು ಗರಿಯೂ ಎಣಿಸುವಂತಿರಬೇಕು ಎಂಬುದು ನನ್ನ ಹಂಬಲ.

ಬಸ್ಸಿಳಿದು ಊರು ಹೊಕ್ಕಾಗ ಬಿಸಿಲು ಏರಿತ್ತು. ಒಂದು ಹೆಂಚಿನ ಮನೆಯ ಪಕ್ಕದ ಹುಣಸೆಮರದಲ್ಲಿ, ಹೆಚ್ಚು ಎತ್ತರವಲ್ಲದ ಕೊಂಬೆಯ ಮೇಲೆ ಬಣ್ಣದ ಕೊಕ್ಕರೆಯ ಗೂಡೊಂದು ಕಂಡಿತು. ತಾಯಿ ಹಕ್ಕಿ ರೆಕ್ಕೆಗಳನ್ನು ಅರ್ಧ ಬಿಚ್ಚಿಕೊಂಡು ಅಲುಗದೆ ನಿಂತಿತ್ತು. ಅದರ ಕಾಲ ಬಳಿ ಮೂರು ಮರಿಗಳು. ಆದರೆ ಎಲೆ ತುಂಬಿದ ಒಂದು ಸಣ್ಣ ರೆಂಬೆ ಗೂಡಿಗೆ ಅಡ್ಡವಾಗಿ ಬಾಗಿತ್ತು. ಎಲ್ಲಿ ನಿಂತರೂ ಅದೇ ಅಡ್ಡಿ. ಮನೆಯ ಗೋಡೆಗೆ ಒಂದು ದೋಟಿ ಒರಗಿಸಿಟ್ಟಿದ್ದರು. ಸುತ್ತ ಯಾರೂ ಇರಲಿಲ್ಲ. ದೋಟಿಯನ್ನು ಮೇಲೆತ್ತಿ ರೆಂಬೆಗೆ ಸಿಕ್ಕಿಸಿ ಎಳೆದೆ. ರೆಂಬೆ ಮುರಿದು ಕೆಳಗೆ ಬಿತ್ತು.

ಅದರೊಡನೆಯೇ ತಾಯಿ ಹಕ್ಕಿ ಎದ್ದುಹೋಯಿತು. ಅದನ್ನು ಕಂಡು ಅಕ್ಕಪಕ್ಕದ ಗೂಡುಗಳ ಹಕ್ಕಿಗಳೂ ಎದ್ದವು. ಮರವೆಲ್ಲ ರೆಕ್ಕೆಗಳ ಸದ್ದಿನಿಂದ ತುಂಬಿತು. ನನಗೆ ಬೇಕಾಗಿದ್ದ ನೋಟ ಈಗ ಅಡೆತಡೆಯಿಲ್ಲದೆ ತೆರೆದಿತ್ತು. ಕೊಕ್ಕು ತೆರೆದು ಕೂಗುತ್ತಿದ್ದ ಮರಿಗಳನ್ನು ಒಂದರ ಮೇಲೊಂದರಂತೆ ಆರು ಚಿತ್ರ ತೆಗೆದೆ. ಏಳನೆಯದಕ್ಕೆ ಫಿಲ್ಮನ್ನು ಮುಂದಕ್ಕೆ ಸುತ್ತುತ್ತಿರುವಾಗ ಪಕ್ಕದ ಗೂಡಿಗೆ ಒಂದು ಕಾಗೆ ಇಳಿಯಿತು. ಮೊಟ್ಟೆಯೊಂದನ್ನು ಕಚ್ಚಿಕೊಂಡು ಹೋಯಿತು. ಇತ್ತ ಗಾಬರಿಗೊಂಡ ಒಂದು ಮರಿ ಗೂಡಿನ ಅಂಚಿಗೆ ಸರಿದು, ಕಾಲು ಜಾರಿ, ಕೊಂಬೆಯಿಂದ ಕೊಂಬೆಗೆ ಬಡಿದುಕೊಳ್ಳುತ್ತ ನನ್ನ ಕಾಲ ಬುಡದಲ್ಲಿ ಬಿದ್ದಿತು.

ಸದ್ದು ಕೇಳಿ ಮನೆಯೊಳಗಿಂದ ಒಬ್ಬ ಅಜ್ಜಿ ಹೊರಗೆ ಬಂದರು. ಮುರಿದ ರೆಂಬೆಯನ್ನೂ ದೋಟಿಯನ್ನೂ ನನ್ನನ್ನೂ ನೋಡಿದರು. ಅವರಿಗೆ ವಿವರಣೆ ಬೇಕಾಗಿರಲಿಲ್ಲ. ನಾನು ಯಾರೆಂದು ಕೇಳಿದರು. ಮಳವಳ್ಳಿ ಕಡೆಯ ಶಾಲೆಯ ಮೇಷ್ಟರೆಂದು ತಿಳಿದ ಮೇಲೆ ಅವರ ಮುಖ ಇನ್ನಷ್ಟು ಗಂಭೀರವಾಯಿತು. ಕೂಗಾಡಲಿಲ್ಲ, ಮೆಲ್ಲಗೆ ಹೇಳಿದರು:

"ಬಾಣಂತಿ ಇರೋ ಕೋಣೆಗೆ ಹಿಂಗೆ ನುಗ್ತಾರಾ ಮೇಷ್ಟ್ರೇ? ತವರಿಗೆ ಬಂದ ಮಗಳನ್ನ ಎಬ್ಬಿಸಿ ಓಡಿಸ್ತಾರಾ? ಮಕ್ಕಳಿಗೆ ಬುದ್ಧಿ ಹೇಳೋರು ನೀವು."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಜ್ಜಿ ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡು ನೆರಳಿಗೆ ಒಯ್ದರು. ಕೊಕ್ಕಿಗೆ ನೀರು ಹನಿಸಿದರು. ಬಿಸಿಲಿಳಿಯುವ ಹೊತ್ತಿಗೆ ಅದು ಸತ್ತಿತು. ಮನೆಯ ಹಿತ್ತಲಿನಲ್ಲಿ ಅದಕ್ಕೆ ಗುಂಡಿ ತೋಡಿದವನು ನಾನೇ. ತಾಯಿ ಹಕ್ಕಿ ಉಳಿದ ಎರಡು ಮರಿಗಳ ಬಳಿಗೆ ಹಿಂತಿರುಗಿತ್ತು. ಆದರೆ ರೆಂಬೆ ಹೋಗಿದ್ದುದರಿಂದ ಆ ಗೂಡಿಗೆ ಮಧ್ಯಾಹ್ನದ ನೆರಳು ಇರಲಿಲ್ಲ. ನನ್ನ ಚಿತ್ರಕ್ಕೆ ಅಡ್ಡಿಯಾಗಿದ್ದ ಎಲೆಗಳು ಆ ಮರಿಗಳಿಗೆ ಸೂರಾಗಿದ್ದವು ಎಂಬುದು ನನಗೆ ಆಗ ಕಂಡಿತು. ತಾಯಿ ರೆಕ್ಕೆ ಬಿಚ್ಚಿ ನಿಂತದ್ದೂ ಬಿಸಿಲಿಗೆ ಕೊಡೆ ಹಿಡಿಯುವುದಕ್ಕಾಗಿಯೇ. ಗರಿ ಮೂಡದ ಎಳೆಯ ಮರಿಗಳು ಬೇಸಿಗೆಯ ಬಿಸಿಲನ್ನು ಹೆಚ್ಚು ಹೊತ್ತು ತಾಳಲಾರವು.

ಫಿಲ್ಮನ್ನು ತೊಳೆದು ಚಿತ್ರ ಮಾಡಿದಾಗ ಅವು ಬಹಳ ಚೆನ್ನಾಗಿ ಬಂದಿದ್ದವು. ಗರಿಗಳನ್ನು ಎಣಿಸಬಹುದಿತ್ತು. ನೋಡಿದವರು ಹೊಗಳಿದರು. ಒಬ್ಬರು ಸ್ಪರ್ಧೆಗೆ ಕಳುಹಿಸೆಂದರು. ನಾನು ನೋಡಿದಾಗಲೆಲ್ಲ ಕಂಡದ್ದು ಬೇರೆ: ಗೂಡಿನಲ್ಲಿ ಮೂರು ಮರಿಗಳಿದ್ದವು, ತಾಯಿ ಇರಲಿಲ್ಲ. ಕೊಕ್ಕು ತೆರೆದ ಆ ಮರಿಗಳು ಹಸಿವಿನಿಂದ ಕೂಗುತ್ತಿರಲಿಲ್ಲ, ಹೆದರಿ ಕೂಗುತ್ತಿದ್ದವು. ಅದನ್ನು ತಿಳಿಯದವನಿಗೆ ಆ ಚಿತ್ರ ಸೊಗಸಾಗಿಯೇ ತೋರುತ್ತಿತ್ತು. ಚಿತ್ರವೂ ಸುಳ್ಳು ಹೇಳಬಲ್ಲದೆಂದು ನಾನು ಕಲಿತದ್ದು ಹೀಗೆ.

ಆ ವರ್ಷವೆಲ್ಲ ಛಾಯಾಗ್ರಹಣದ ಪುಸ್ತಕಗಳನ್ನು ಹುಡುಕಿ ಓದಿದೆ. ಹಕ್ಕಿಗಳ ಚಿತ್ರ ತೆಗೆದ ಹಳಬರು ಎಷ್ಟು ಕಷ್ಟಪಟ್ಟಿದ್ದರೆಂಬುದು ತಿಳಿಯಿತು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಸೋದರರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಗೂಡಿನ ಚಿತ್ರವನ್ನು ತೆಗೆದರು. ಹಕ್ಕಿಗಳು ಮನುಷ್ಯನಿಗೆ ಹೆದರುತ್ತವೆ, ದನಕ್ಕೆ ಹೆದರುವುದಿಲ್ಲ ಎಂಬುದನ್ನು ಗಮನಿಸಿ, ಎತ್ತಿನ ಚರ್ಮದಿಂದ ಒಂದು ಪೊಳ್ಳು ಎತ್ತನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾದೊಡನೆ ಗಂಟೆಗಟ್ಟಲೆ ಅಡಗಿ ಕಾಯುತ್ತಿದ್ದರು. ನಮ್ಮ ದೇಶದಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ 1920ರ ದಶಕದಲ್ಲಿ ಬಂದೂಕಿಗೆ ಬದಲು ಕ್ಯಾಮೆರಾ ಹಿಡಿದರು. ಕಾಡಿನ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿ ತಾನೇ ತುಳಿದು ತನ್ನ ಚಿತ್ರವನ್ನು ತೆಗೆದುಕೊಳ್ಳುವಂತೆ ಮಾಡಿದರು. ಅವರ ಪುಸ್ತಕ 1927ರಲ್ಲಿ ಪ್ರಕಟವಾಯಿತು.

ಕರ್ನಾಟಕಕ್ಕೂ ಈ ಕಲೆಯಲ್ಲಿ ಹಿರಿಯ ಪರಂಪರೆಯಿದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮತ್ತು ಇ. ಹನುಮಂತರಾವ್ ಅವರ ವನ್ಯಜೀವಿ ಚಿತ್ರಗಳು ದೇಶವಿದೇಶಗಳಲ್ಲಿ ಮನ್ನಣೆ ಪಡೆದವು. ರಾಜ್ಯದಲ್ಲಿ ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಆಡಳಿತದ ಹೊಣೆಯ ನಡುವೆಯೂ ಕಾಡು ಸುತ್ತಿ ಚಿತ್ರ ತೆಗೆದರು. ಕೃಪಾಕರ ಮತ್ತು ಸೇನಾನಿ ಅವರು ಕಾಡುನಾಯಿಗಳ ಬಾಳನ್ನು ಅರಿಯುವುದಕ್ಕೆ ವರ್ಷಗಟ್ಟಲೆ ಅವುಗಳ ಬೆನ್ನು ಹತ್ತಿದರು. ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದ ಸುತ್ತಿನ ಹಕ್ಕಿಗಳನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟರು. ಇಂಥವರ ಕೆಲಸದಲ್ಲೆಲ್ಲ ಕಾಣುವ ಸಾಮಾನ್ಯ ಗುಣ ಕಾಯುವಿಕೆ.

ಮರುವರ್ಷ ಫೆಬ್ರವರಿಯಲ್ಲಿ ಮೂರು ದಿನದ ರಜೆ ಹಾಕಿ ಮತ್ತೆ ಕೊಕ್ಕರೆ ಬೆಳ್ಳೂರಿಗೆ ಹೋದೆ. ನೇರವಾಗಿ ಅಜ್ಜಿಯ ಮನೆಗೆ ಹೋಗಿ, "ಅಜ್ಜಿ, ಈ ಸಲ ನಿಮ್ಮನ್ನು ಕೇಳಿಯೇ ಚಿತ್ರ ತೆಗೆಯುತ್ತೇನೆ" ಎಂದೆ. ಅವರು ನನ್ನನ್ನು ಮರೆತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಗಲಿ ಮ್ಯಾಲೆ ಕೂತ್ಕಳಿ. ಅವು ನಿಮ್ಮನ್ನ ನೋಡ್ಲಿ ಮೊದಲು" ಎಂದರು. ನಾನು ಅಲ್ಲಿಯವರೆಗೆ ಹಕ್ಕಿಗಳನ್ನು ನೋಡುವುದರ ಬಗೆಗೆ ಯೋಚಿಸಿದ್ದೆನೇ ಹೊರತು ಹಕ್ಕಿಗಳು ನನ್ನನ್ನು ನೋಡುವುದರ ಬಗೆಗೆ ಯೋಚಿಸಿರಲಿಲ್ಲ.

ಎರಡು ದಿನ ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಜಗಲಿಯ ಮೇಲೆ ಕುಳಿತು ಒಂದು ನೋಟು ಪುಸ್ತಕದಲ್ಲಿ ಕಂಡದ್ದನ್ನು ಬರೆದುಕೊಂಡೆ. ಬೆಳೆದ ಕೊಕ್ಕರೆಗಳಿಗೆ ಕೂಗುವ ದನಿಯಿಲ್ಲ. ಕೊಕ್ಕನ್ನು ಪಟಪಟನೆ ಬಡಿದೇ ಮಾತನಾಡುತ್ತವೆ. ಮರವನ್ನು ಗದ್ದಲದಿಂದ ತುಂಬುವವು ಮರಿಗಳು. ತಾಯಿ ಕೊಕ್ಕರೆ ತಾನು ನುಂಗಿ ತಂದ ಮೀನನ್ನು ಗೂಡಿನೊಳಗೆ ಕಕ್ಕುತ್ತದೆ. ಮರಿಗಳು ಮುಗಿಬಿದ್ದು ತಿನ್ನುತ್ತವೆ. ಹೆಜ್ಜಾರ್ಲೆಯ ಮರಿಯಾದರೋ ತಾಯಿಯ ಗಂಟಲಿನ ಚೀಲದೊಳಗೆ ತಲೆಯನ್ನೇ ತೂರಿಸುತ್ತದೆ. ಒಂದು ಗೂಡಿನ ಹಕ್ಕಿ ಅತ್ತ ಹೋದಾಗ ನೆರೆಯ ಹಕ್ಕಿ ಅದರ ಕಡ್ಡಿಯನ್ನು ಕದಿಯುವುದೂ ಉಂಟು. ಬೆಳಗಿನ ಬಿಸಿಲಿಗೆ ನೆಲ ಕಾದು ಗಾಳಿ ಮೇಲೇರತೊಡಗಿದಾಗ ಹೆಜ್ಜಾರ್ಲೆಗಳು ಆ ಗಾಳಿಯ ಮೇಲೆ ತೇಲುತ್ತ, ರೆಕ್ಕೆ ಬಡಿಯದೆಯೇ ಸುತ್ತಿ ಸುತ್ತಿ ಎತ್ತರಕ್ಕೇರಿ, ಕೆರೆಗಳತ್ತ ಹೊರಡುತ್ತವೆ.

ಕೆಳಗೆ ಮಕ್ಕಳು ಗೋಲಿಯಾಡುತ್ತಿದ್ದರು. ಎತ್ತಿನ ಗಾಡಿ ಹೋಗುತ್ತಿತ್ತು. ಯಾರೋ ರಾಗಿ ಒಣಗಿಸುತ್ತಿದ್ದರು. ಯಾವ ಹಕ್ಕಿಯೂ ಬೆದರಲಿಲ್ಲ. ಕಿಯರ್ಟನ್ ಸೋದರರು ಪೊಳ್ಳು ಎತ್ತಿನೊಳಗೆ ಅಡಗಬೇಕಾಗಿತ್ತು. ಇಲ್ಲಿ ನನಗೆ ಅಂಥ ಮರೆ ಬೇಕಿರಲಿಲ್ಲ. ಊರೇ ಒಂದು ಮರೆ. ಊರಿನವರಂತೆ ಕುಳಿತವನನ್ನು, ಊರಿನವರಂತೆ ನಡೆದವನನ್ನು ಹಕ್ಕಿಗಳು ಲೆಕ್ಕಿಸುತ್ತಿರಲಿಲ್ಲ. ದೋಟಿ ಎತ್ತಿದವನು ಮಾತ್ರ ಅವುಗಳಿಗೆ ಹೊರಗಿನವನು.

ಬೆಳಕಿನ ವಿಚಾರವೂ ಆ ಎರಡು ದಿನಗಳಲ್ಲಿ ತಿಳಿಯಿತು. ಬಿಳಿಯ ಹಕ್ಕಿಯ ಚಿತ್ರ ತೆಗೆಯುವುದು ಸುಲಭವಲ್ಲ. ಏರುಬಿಸಿಲಿನಲ್ಲಿ ಹಕ್ಕಿಯ ಬಿಳುಪಿಗೆ ತಕ್ಕಂತೆ ಕ್ಯಾಮೆರಾವನ್ನು ಹೊಂದಿಸಿದರೆ ಮರವೂ ಮನೆಯೂ ಕಗ್ಗತ್ತಲೆಯಾಗುತ್ತವೆ. ಮನೆಗೆ ತಕ್ಕಂತೆ ಹೊಂದಿಸಿದರೆ ಹಕ್ಕಿಯ ಗರಿಗಳು ಬೆಳಕಿನಲ್ಲಿ ಕರಗಿ, ಬರೀ ಬಿಳಿಯ ಮಚ್ಚೆ ಉಳಿಯುತ್ತದೆ. ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆಯಲ್ಲಿ ಮಾತ್ರ ಬೆಳಕು ಮೃದುವಾಗಿ, ಓರೆಯಾಗಿ ಬೀಳುತ್ತದೆ. ಆಗ ಹಕ್ಕಿಯ ಗರಿ, ಮರದ ತೊಗಟೆ, ಮನೆಯ ಹೆಂಚು ಎಲ್ಲವೂ ತಮ್ಮ ತಮ್ಮ ರೂಪದಲ್ಲಿ ಕಾಣುತ್ತವೆ. ಹಾರುವ ಹಕ್ಕಿಯ ರೆಕ್ಕೆ ಮಸುಕಾಗದಿರಬೇಕಾದರೆ ಕ್ಯಾಮೆರಾದ ಕಣ್ಣು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ ತೆರೆದು ಮುಚ್ಚಬೇಕು. ಅಷ್ಟು ಚಿಕ್ಕ ಅವಧಿಯಲ್ಲಿ ಸಾಕಷ್ಟು ಬೆಳಕು ಒಳಗೆ ಬರಬೇಕು. ಇವೆರಡೂ ಕೂಡಿಬರುವ ಗಳಿಗೆ ಬೆಳಗಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಉದ್ದನೆಯ ಲೆನ್ಸನ್ನು ಚೀಲದಲ್ಲೇ ಬಿಟ್ಟು, ಸಾಧಾರಣ ಲೆನ್ಸನ್ನೇ ಹಾಕಿಕೊಂಡು ಎದುರುಮನೆಯ ಜಗಲಿಯಲ್ಲಿ ಕುಳಿತೆ. ಅಜ್ಜಿ ಬಾಗಿಲ ಮುಂದೆ ಸಗಣಿನೀರು ಚಳ್ಳೆಹೊಡೆದು ರಂಗೋಲಿ ಇಡಲು ಬಗ್ಗಿದರು. ಅವರ ತಲೆಯ ಮೇಲೆ ಹೆಂಚಿನ ಸೂರು, ಸೂರಿನ ಮೇಲೆ ಹುಣಸೆಮರ. ಅಷ್ಟರಲ್ಲಿ ಒಂದು ಹೆಜ್ಜಾರ್ಲೆ ಕೊಕ್ಕಿನಲ್ಲಿ ಹಸಿರು ಕಡ್ಡಿ ಹಿಡಿದು, ರೆಕ್ಕೆಗಳನ್ನು ಪೂರ್ತಿ ಬಿಚ್ಚಿ, ಸೂರಿನ ಮೇಲೆ ಹಾದು ಗೂಡಿನತ್ತ ಇಳಿಯಿತು. ಅಜ್ಜಿ ತಲೆ ಎತ್ತಲಿಲ್ಲ. ಹಕ್ಕಿಯೂ ದಾರಿ ಬದಲಿಸಲಿಲ್ಲ. ನಾನು ಗುಂಡಿ ಒತ್ತಿದೆ. ಆ ದಿನ ತೆಗೆದದ್ದು ಅದೊಂದೇ ಚಿತ್ರ.

ಅದರಲ್ಲಿ ಹಕ್ಕಿ ಚಿತ್ರದ ಆರನೆಯ ಒಂದು ಪಾಲೂ ಇಲ್ಲ. ಗರಿಗಳನ್ನು ಎಣಿಸಲಾಗುವುದಿಲ್ಲ. ಸ್ಟುಡಿಯೋದ ಗೆಳೆಯ, "ಹಕ್ಕಿ ಚಿಕ್ಕದಾಯಿತು ಮೇಷ್ಟ್ರೇ" ಎಂದ. ನಾನು ಒಪ್ಪಿದೆ. ಆದರೆ ಆ ಹಕ್ಕಿ ಎಲ್ಲಿಗೆ ಬಂದಿದೆ, ಯಾರನ್ನು ನಂಬಿ ಬಂದಿದೆ ಎಂಬುದು ಆ ಚಿತ್ರದಲ್ಲಿ ಇತ್ತು. ಹುಲ್ಲುಗಾವಲಿಲ್ಲದ ಕಾಡುಕುದುರೆ ಜಟಕಾ ಕುದುರೆಯಂತೆ ಕಾಣುತ್ತದೆಯೆಂದು ಆ ಹುಡುಗಿ ಹೇಳಿದ್ದು ನೆನಪಾಯಿತು. ಜೀವಿಯೂ ಅದರ ನೆಲೆಯೂ ಕೂಡಿದಾಗಲೇ ಚಿತ್ರ ಪೂರ್ಣವಾಗುತ್ತದೆ. ನೆಲೆಯನ್ನು ಕೆಡಿಸಿ ಪಡೆದ ಚಿತ್ರದಲ್ಲಿ ಜೀವಿಯ ಆಕಾರ ಮಾತ್ರ ಇರುತ್ತದೆ, ಅದರ ಬಾಳು ಇರುವುದಿಲ್ಲ.

ಆ ಚಿತ್ರವನ್ನು ದೊಡ್ಡದು ಮಾಡಿಸಿ ಶಾಲೆಯಲ್ಲಿ ಕುದುರೆಗಳ ಕ್ಯಾಲೆಂಡರಿನ ಪಕ್ಕದಲ್ಲಿ ತೂಗಹಾಕಿದೆ. ಹಿಂದೆ ಪ್ರಶ್ನೆ ಕೇಳಿದ್ದ ಹುಡುಗ ಆಗ ಹತ್ತನೆಯ ತರಗತಿಯಲ್ಲಿದ್ದ. ಬಹಳ ಹೊತ್ತು ನೋಡಿ, "ಸಾರ್, ಇದು ಯಾವ ದೇಶ?" ಎಂದ. "ನಮ್ಮ ಪಕ್ಕದ ತಾಲ್ಲೂಕು" ಎಂದೆ. ಅವನು ನಂಬಲಿಲ್ಲ. ಮುಂದಿನ ಭಾನುವಾರ ಸೈಕಲ್ಲಿನಲ್ಲಿ ಹೋಗಿ ನೋಡಿ ಬಂದ.

ಅಲ್ಲಿಂದೀಚೆಗೆ ಬಹಳ ಕಾಲ ಸಂದಿದೆ. 2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಲಹುವುದಕ್ಕೆ 'ಹೆಜ್ಜಾರ್ಲೆ ಬಳಗ' ಎಂಬ ಊರಿನವರ ಗುಂಪು ಹುಟ್ಟಿಕೊಂಡಿತು. ನಾನು ಬೀಳಿಸಿದ ಮರಿಗೆ ಅಂಥ ಆಸರೆ ಇರಲಿಲ್ಲ. ಇದೇ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಪ್ರೇರಣೆಯಿಂದ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ವನ್ಯಪಕ್ಷಿಗಳ ಗೂಡಿಗೂ ಮೊಟ್ಟೆಗೂ ಕೈಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಗೂಡಿನ ಚಿತ್ರಗಳನ್ನು ಸ್ವೀಕರಿಸದ ಛಾಯಾಗ್ರಹಣ ಸ್ಪರ್ಧೆಗಳು ಈಗ ಅನೇಕ.

ಆದರೆ ಅಂದು ಕ್ಯಾಮೆರಾ ಸಾವಿರಕ್ಕೊಬ್ಬರಲ್ಲಿ ಇತ್ತು. ಇಂದು ಪ್ರತಿಯೊಬ್ಬರ ಜೇಬಿನ ಮೊಬೈಲಿನಲ್ಲೂ ಇದೆ. ಫಿಲ್ಮು ಮುಗಿದೀತೆಂಬ ಭಯವೂ ಇಲ್ಲ. ಆಕಾಶದಿಂದ ಚಿತ್ರ ತೆಗೆಯುವ ಡ್ರೋನ್ ಯಂತ್ರಗಳು ಗೂಡಿನ ನೆತ್ತಿಯವರೆಗೂ ಹೋಗಬಲ್ಲವು. ನಾನು ಒಂದು ದೋಟಿಯಿಂದ ಮಾಡಿದ ಕೇಡನ್ನು ಇಂದು ಕೈಯಲ್ಲಿ ದೋಟಿಯಿಲ್ಲದೆಯೂ ಮಾಡಬಹುದು. ಆದುದರಿಂದ ಚಿತ್ರ ತೆಗೆಯುವವರು ಕೆಲವು ಮಾತುಗಳನ್ನು ನೆನಪಿಡಬೇಕು. ಹಕ್ಕಿ ಕತ್ತೆತ್ತಿ ನಿಮ್ಮನ್ನೇ ನೋಡತೊಡಗಿದರೆ ನೀವು ಆಗಲೇ ಅತಿ ಹತ್ತಿರ ಹೋಗಿದ್ದೀರಿ; ಹಿಂದಕ್ಕೆ ಸರಿಯಿರಿ. ಹಾರುವ ಚಿತ್ರ ಬೇಕೆಂದು ಕಲ್ಲೆಸೆಯುವುದಾಗಲಿ ಚಪ್ಪಾಳೆ ತಟ್ಟುವುದಾಗಲಿ ಕೂಡದು. ಗೂಡಿಗೆ ಅಡ್ಡವಾದ ಎಲೆಯನ್ನು ಸರಿಸಬೇಡಿ. ನೀವೇ ಸರಿದು ನಿಲ್ಲಿ, ಇಲ್ಲವೇ ಆ ಚಿತ್ರವನ್ನು ಬಿಟ್ಟುಬಿಡಿ. ಊರಿನವರನ್ನು ಕೇಳಿ. ಚಿತ್ರಕ್ಕಿಂತ ಜೀವಿಯ ಕ್ಷೇಮ ದೊಡ್ಡದು.

ಮೊದಲ ಸಲ ತೆಗೆದ ಆ ಆರು ಚಿತ್ರಗಳು ಈಗಲೂ ನನ್ನಲ್ಲಿವೆ. ಅವುಗಳನ್ನು ಗೋಡೆಗೆ ಹಾಕಿಲ್ಲ, ಹರಿದೂ ಹಾಕಿಲ್ಲ. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರು ಮನೆಗೆ ಬಂದರೆ ಲಕೋಟೆಯಿಂದ ತೆಗೆದು ತೋರಿಸುತ್ತೇನೆ. ಅವರು "ಎಷ್ಟು ಚೆನ್ನಾಗಿದೆ ಸಾರ್!" ಎನ್ನುತ್ತಾರೆ. ಆಗ ತಾಯಿ ಹಕ್ಕಿ ಎಲ್ಲಿದೆ ಎಂದು ಕೇಳುತ್ತೇನೆ.

ಪದಗಳ ಅರ್ಥ

ಕೇಸರ – ಕುದುರೆಯ ಕತ್ತಿನ ಉದ್ದ ಕೂದಲು
ತಿರುಳು – ಸಾರ
ಹಂಗು – ಅಧೀನತೆ, ಋಣ
ಗೋಡು – ಕೆರೆಯ ತಳದ ಮೆಕ್ಕಲು ಮಣ್ಣು
ಹಿಕ್ಕೆ – ಹಕ್ಕಿಯ ಮಲ
ದೋಟಿ – ಮರದ ಕಾಯಿ, ಸೊಪ್ಪು ಕೀಳಲು ಬಳಸುವ ಕೊಕ್ಕೆಯುಳ್ಳ ಉದ್ದ ಕೋಲು
ಎರವಲು – ಹಿಂತಿರುಗಿಸುವ ಮಾತಿನ ಮೇಲೆ ಪಡೆದದ್ದು
ಪೊಳ್ಳು – ಒಳಗೆ ಬರಿದಾದ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕೊಕ್ಕರೆ ಬೆಳ್ಳೂರು ಯಾವ ತಾಲ್ಲೂಕಿನಲ್ಲಿದೆ?
2. ಓಡುವ ಕುದುರೆಯ ಚಿತ್ರಗಳನ್ನು 1878ರಲ್ಲಿ ತೆಗೆದವರು ಯಾರು?
3. ತಾಯಿ ಕೊಕ್ಕರೆ ಬಿಸಿಲಿನಲ್ಲಿ ರೆಕ್ಕೆ ಬಿಚ್ಚಿ ನಿಲ್ಲುವುದೇಕೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಊರಿನವರಿಗೂ ಹಕ್ಕಿಗಳಿಗೂ ಇರುವ ಸಂಬಂಧವನ್ನು ವಿವರಿಸಿರಿ.
2. ಲೇಖಕರು ಎರಡನೆಯ ಸಲ ಚಿತ್ರ ತೆಗೆಯಲು ಹೇಗೆ ಸಿದ್ಧರಾದರು?
3. ಬಿಳಿಯ ಹಕ್ಕಿಯ ಚ‌ಿತ್ರ ತೆಗೆಯುವುದು ಕಷ್ಟವೇಕೆ?

ಇ. ಸಂದರ್ಭದೊಡನೆ ವಿವರಿಸಿರಿ.
1. "ಬಾಣಂತಿ ಇರೋ ಕೋಣೆಗೆ ಹಿಂಗೆ ನುಗ್ತಾರಾ ಮೇಷ್ಟ್ರೇ?"
2. "ಅವು ನಿಮ್ಮನ್ನ ನೋಡ್ಲಿ ಮೊದಲು."

ಈ. ಚಟುವಟಿಕೆ
ನಿಮ್ಮ ಊರಿನ ಒಂದು ಹಕ್ಕಿಯನ್ನು ದೂರದಿಂದ ಒಂದು ಗಂಟೆ ಹೊತ್ತು ನೋಡಿ, ಕಂಡದ್ದನ್ನು ಬರೆಯಿರಿ. ಅದು ವಾಸಿಸುವ ಜಾಗದ ವಿವರವೂ ಬರವಣಿಗೆಯಲ್ಲಿರಲಿ.